ಸ್ವೆಟರಿನ ನೆಂಟ, ವಿಮಾನದ ರೆಕ್ಕೆ

ಸ್ವೆಟರ್ ಹೆಣೆಯುವ ಅಕ್ರಿಲಿಕ್ ನೂಲಿನ ಹತ್ತಿರದ ನೆಂಟನೊಬ್ಬ ತೇಜಸ್ ಯುದ್ಧವಿಮಾನದ ರೆಕ್ಕೆಯಲ್ಲಿ ಕೂತಿದ್ದಾನೆ. ಹೆಸರು ಕಾರ್ಬನ್ ನಾರು.

ಅಕ್ರಿಲಿಕ್ ಎಳೆಗಳನ್ನು ಬಿಗಿಯಾಗಿ ಎಳೆದು ಹಿಡಿದು ಮೊದಲು ಗಾಳಿಯಲ್ಲಿ 200ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಬಿಳಿ ನಾರು ಹಳದಿಯಾಗಿ, ಕಂದಾಗಿ, ಕೊನೆಗೆ ಕಪ್ಪಾಗುತ್ತದೆ. ಬಳಿಕ ಆಮ್ಲಜನಕ ಸುಳಿಯದ ನೈಟ್ರೋಜನ್ ಕುಲುಮೆಯಲ್ಲಿ ಸಾವಿರ ಡಿಗ್ರಿ ದಾಟಿದ ಕಾವು. ಉಳಿಯುವುದು ಬಹುಪಾಲು ಇಂಗಾಲ, ಕೂದಲಿಗಿಂತ ಸಪೂರ. ಒಂದು ಬಗೆಯ ಇದ್ದಿಲೇ ಅನ್ನಿ. ಆದರೆ ಬಲದಲ್ಲಿ ಅದೇ ತೂಕದ ಉಕ್ಕು ಇದರ ಮುಂದೆ ಸೋಲುತ್ತದೆ. ಗಾಳಿಯಿಲ್ಲದೆಡೆ ಈ ನಾರು ಭಾರೀ ಶಾಖಕ್ಕೂ ಜಗ್ಗದು, ಗಾಳಿ ತಾಗಿದರೆ ಮಾತ್ರ ಉರಿದೀತು.

ಬೆಂಗಳೂರಿನ ವೈಮಾನಿಕ ಸಂಶೋಧನಾ ಪ್ರಯೋಗಾಲಯ ಎನ್‌ಎಎಲ್ ರೂಪಿಸಿದ ತಂತ್ರದಿಂದ 2010ರಲ್ಲಿ ಗುಜರಾತಿನ ವಡೋದರಾ ಬಳಿ ಕೆಮ್‌ರಾಕ್ ಕಂಪನಿ ಈ ನಾರಿನ ಘಟಕ ತೆರೆಯಿತು. ಪ್ರಯೋಗಾಲಯದಿಂದ ಮಾರುಕಟ್ಟೆಗೆ ದಾರಿ ಸಲೀಸಾಗಲಿಲ್ಲ. 2017ರಲ್ಲಿ ಕಂಪನಿಯ ಆಸ್ತಿ ರಿಲಯನ್ಸ್ ಪಾಲಾಯಿತು.