ಬೀಜದ ಟಗರಿನ ಆಯ್ಕೆ

ಇಪ್ಪತ್ತೈದು ಮೂವತ್ತು ಕುರಿಗೆ ಒಂದು ಬೀಜದ ಟಗರು ಸಾಕು. ಅದನ್ನು ಆರಿಸುವಲ್ಲಿ ಎಡವಿದರೆ ಆ ವರ್ಷದ ಮರಿಗಳಷ್ಟೂ ಕಳಪೆಯಾಗುತ್ತವೆ. ಬಳ್ಳಾರಿಗೂ ಆಲೂರಿಗೂ ನಡುವಿನ ಹಾಲಹರವಿಯಂಥ ಬಯಲುಸೀಮೆಯಲ್ಲಿ, ಹಿಂಡೇ ಬದುಕಾಗಿರುವ ಮನೆಗಳಿಗೆ ಇದು ಸಣ್ಣ ಮಾತಲ್ಲ. ಆದವಾನಿ, ಆಲೂರು ತಾಲ್ಲೂಕುಗಳು 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಹೋದವು. ಕುರಿಗಳಿಗೆ ಆ ಗಡಿ ಗೊತ್ತಿಲ್ಲ.

ಬಳ್ಳಾರಿ ತಳಿಯಲ್ಲಿ ಕಪ್ಪು, ಬಿಳಿ, ಎರಡೂ ಬೆರೆತ ಬಣ್ಣಗಳಿವೆ. ಉಣ್ಣೆ ಒರಟು, ಕಂಬಳಿಗೆ ಸರಿ. ಹೆಣ್ಣಿಗೆ ಕೊಂಬಿಲ್ಲ, ಟಗರುಗಳಲ್ಲೂ ಸುಮಾರು ಮೂರರಲ್ಲಿ ಒಂದಕ್ಕಷ್ಟೇ ಕೊಂಬು. ಆದ್ದರಿಂದ ಇಲ್ಲಿ ಕೊಂಬು ನೋಡಿ ಟಗರಿಗೆ ಬೆಲೆ ಕಟ್ಟುವಂತಿಲ್ಲ. ಉತ್ತರ ಅಮೆರಿಕದ ಬಿಗ್‌ಹಾರ್ನ್ ಕಾಡುಕುರಿಯ ಬೇಟೆಗಾರನಿಗಾದರೋ ಕೊಂಬೇ ಎಲ್ಲ. ದೂರದ ಬಂಡೆಯ ಮೇಲೆ ನಿಂತ ಟಗರನ್ನು ದುರ್ಬೀನಿನಲ್ಲಿ ಹಿಡಿದು, ಕೊಂಬು ಎಷ್ಟು ಸುತ್ತು ಬಂದಿದೆ, ಅದರ ಮೇಲೆ ವರ್ಷಕ್ಕೊಂದರಂತೆ ಎಷ್ಟು ಉಂಗುರ ಮೂಡಿವೆ ಎಂದು ಎಣಿಸಿ ವಯಸ್ಸು ಹೇಳಬೇಕು. ಸುತ್ತು ಸಾಲದ ಟಗರನ್ನು ಹೊಡೆಯುವುದು ಹಲವೆಡೆ ಅಪರಾಧ.

ಕುರಿಗಾರನಿಗೆ ದುರ್ಬೀನು ಬೇಡ, ಬೆರಳು ಸಾಕು. ಕೆಳತುಟಿ ಎಳೆದರೆ ವಯಸ್ಸು ತಿಳಿಯುತ್ತದೆ. ಕುರಿಗೆ ಮೇಲ್ದವಡೆಯ ಮುಂದೆ ಹಲ್ಲಿಲ್ಲ, ಗಟ್ಟಿ ವಸಡಷ್ಟೇ, ಕೆಳಗೆ ಎಂಟು. ಹಾಲುಹಲ್ಲು ಸಣ್ಣವು. ಒಂದರಿಂದ ಒಂದೂವರೆ ವರ್ಷದೊಳಗೆ ನಡುವಿನ ಜೋಡಿ ಬಿದ್ದು ಅಗಲವಾದ ಎರಡು ಹಲ್ಲು ಬರುತ್ತವೆ. ಆಮೇಲೆ ಹೆಚ್ಚುಕಡಿಮೆ ವರ್ಷಕ್ಕೊಂದು ಜೋಡಿ: ನಾಲ್ಕು ಹಲ್ಲು, ಆರು ಹಲ್ಲು, ನಾಲ್ಕು ವರ್ಷದ ಹೊತ್ತಿಗೆ ಎಂಟು. ಟಗರಿನ ಕಾಳಗದಲ್ಲಿ ಜೋಡಿ ಕಟ್ಟುವುದೂ ಈ ಲೆಕ್ಕದಲ್ಲೇ.

ಬಾಯಿ ನೋಡಿದ ಕೈ ಮುಂದೆ ಬೆನ್ನಿಗೆ ಹೋಗುತ್ತದೆ. ಸೊಂಟದ ಮೂಳೆ ಬೆರಳಿಗೆ ಚುಚ್ಚಿದರೆ ಮೈಯಲ್ಲಿ ಮಾಂಸವಿಲ್ಲ. ಉಣ್ಣೆ ದಟ್ಟವಾಗಿದ್ದರೆ ಕಣ್ಣಿಗೆ ಇದು ಕಾಣುವುದೇ ಇಲ್ಲ. ಕೆಳರೆಪ್ಪೆ ಮಗುಚಿದಾಗ ಒಳಗೆ ಬಿಳಿಚಿಕೊಂಡಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಹುಳುವಿರಬಹುದೆಂಬ ಗುಮಾನಿ. ಮುಂಗಾಲುಗಳ ನಡುವೆ ಎದೆ ಅಗಲವಿರಬೇಕು, ಗೊರಸು ಸರಿಯಿರಬೇಕು, ವೃಷಣಗಳೆರಡೂ ಸಮನಾಗಿ, ಗಂಟಿಲ್ಲದೆ ಇಳಿದಿರಬೇಕು. ಒಂದೇ ಇಳಿದಿದ್ದರೆ ಎಷ್ಟೇ ಚೆಲುವನಾದರೂ ಬೀಜಕ್ಕೆ ಬೇಡ. ಇಷ್ಟಾದರೂ ತಾಯಿಗೆ ಹಾಲೆಷ್ಟಿತ್ತು, ಮರಿ ಉಳಿಸಿಕೊಂಡಳೇ ಎಂಬುದು ಟಗರಿನ ಮೈಮೇಲೆ ಬರೆದಿರುವುದಿಲ್ಲ. ಹಾಗಾಗಿ ಸಂತೆಯಲ್ಲಿ ಕೊಂಡ ಟಗರಿಗಿಂತ ಗೊತ್ತಿರುವ ಹಿಂಡಿನದೇ ಮೇಲು.

ತೊಡಕಿರುವುದು ಪರೀಕ್ಷೆಯಲ್ಲಲ್ಲ, ಮಾರಾಟದಲ್ಲಿ. ಬೇಗ ಬೆಳೆದು ಮೈತುಂಬಿದ ಮರಿಗೇ ವ್ಯಾಪಾರಿ ಮೊದಲು ಕೈಹಾಕುತ್ತಾನೆ. ಬಕ್ರೀದ್ ಹತ್ತಿರ ಬಂದರಂತೂ ಊನವಿಲ್ಲದ, ಕಣ್ಣಿಗೆ ತುಂಬುವ ಟಗರಿಗೇ ಒಳ್ಳೆಯ ಬೆಲೆ. ಕೈಗೆ ದುಡ್ಡು ಬೇಕಾದವನು ಮಾರದೆ ಏನು ಮಾಡಿಯಾನು? ಹಿಂಡಿನಲ್ಲಿ ಉಳಿದ ಸೊರಗಿದ ಮರಿಯೇ ಮುಂದೆ ಬೀಜಕ್ಕೆ ನಿಲ್ಲುತ್ತದೆ. ಕೆನಡಾದ ಆಲ್ಬರ್ಟಾದಲ್ಲಿ ರಾಮ್ ಮೌಂಟನ್ ಎಂಬ ಬೆಟ್ಟದ ಬಿಗ್‌ಹಾರ್ನ್‌ಗಳಲ್ಲೂ ಇಂಥದೇ ಕಥೆ. ದೊಡ್ಡ ಕೊಂಬಿನವು ಹೆಚ್ಚು ಮರಿ ಹುಟ್ಟಿಸುವ ಮೊದಲೇ ಬೇಟೆಯಾಗುತ್ತಿದ್ದುದರಿಂದ, ಸುಮಾರು ಮೂವತ್ತು ವರ್ಷದಲ್ಲಿ ಟಗರುಗಳ ಕೊಂಬು, ತೂಕ ಎರಡೂ ಕುಗ್ಗಿವೆ ಎಂದು 2003ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಇದರಲ್ಲಿ ವಂಶದ ಪಾಲೆಷ್ಟು ಎಂಬ ಚರ್ಚೆ ಆಮೇಲೂ ನಡೆದಿದೆ.

ಹಿಂಡಿನ ಮಟ್ಟಿಗೆ ಪರಿಹಾರ ಕಷ್ಟದ್ದಲ್ಲ. ವ್ಯಾಪಾರಿ ಬರುವ ಮೊದಲೇ ಒಳ್ಳೆಯ ತಾಯಿಯ ಎರಡು ಮೂರು ಗಂಡುಮರಿಗಳಿಗೆ ಗುರುತು ಹಾಕಿ ಇಟ್ಟುಕೊಳ್ಳಬೇಕು, ಉಳಿದ ಗಂಡುಗಳ ಬೀಜ ಒಡೆಸಬೇಕು. ಎರಡು ವರ್ಷಕ್ಕೊಮ್ಮೆ, ಟಗರು ತನ್ನ ಮರಿಗಳ ಮೇಲೆಯೇ ಹಾರುವ ಮೊದಲು, ಬೇರೆ ಹಿಂಡಿನ ಟಗರಿನೊಡನೆ ಅದಲುಬದಲು ಮಾಡಿಕೊಳ್ಳಬೇಕು.