ಅಂತರಜಾಲ ವ್ಯಾಪಾರ: ಆರ್ಡರ್ ಎಷ್ಟು ಬಂತು, ಕೈಯಲ್ಲಿ ಎಷ್ಟು ಉಳಿಯಿತು?

ಬೆಂಗಳೂರಿನ ಪೂರ್ವ ಭಾಗದಲ್ಲಿ, ಮಹದೇವಪುರ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡಿರುವ ಗರುಡಾಚಾರ್‌ಪಾಳ್ಯ ಒಂದು ಕಾಲಕ್ಕೆ ಹಳ್ಳಿಯಾಗಿತ್ತು. ಇಂದು ಸುತ್ತಲೂ ಬಹುಮಹಡಿ ವಸತಿ ಸಮುಚ್ಚಯಗಳು ಮತ್ತು ಮಾಹಿತಿ ತಂತ್ರಜ್ಞಾನ ಕಚೇರಿಗಳು ಎದ್ದಿವೆ. ಅವುಗಳ ನಡುವೆ ಸಣ್ಣ ತಯಾರಿಕಾ ಘಟಕಗಳು ಉಳಿದುಕೊಂಡಿವೆ. 2023ರ ಮಾರ್ಚ್‌ನಲ್ಲಿ ಕೃಷ್ಣರಾಜಪುರ–ವೈಟ್‌ಫೀಲ್ಡ್ ಮೆಟ್ರೋ ಮಾರ್ಗ ಉದ್ಘಾಟನೆಯಾದಾಗ ಈ ಊರಿಗೂ ನಿಲ್ದಾಣವೊಂದು ದೊರೆಯಿತು. ಗ್ರಾಹಕರು ಹೆಚ್ಚಿದ್ದಾರೆ, ಆದರೆ ಅವರಿಗೆ ಬೇಕಾದ ಸರಕು ಅಂಗಡಿಯ ಬಾಗಿಲಿಗೆ ಬಾರದೆ, ಸರಬರಾಜು ಹುಡುಗರ ದ್ವಿಚಕ್ರ ವಾಹನಗಳ ಮೇಲೆ ನೇರವಾಗಿ ಮನೆಗಳಿಗೆ ಏರಿ ಹೋಗುತ್ತಿದೆ. ಹೀಗಿರುವಾಗ ನಾವೂ ಅಂತರಜಾಲಕ್ಕೆ ಇಳಿಯಬೇಕೇ ಎಂಬುದು ಈಗ ಪ್ರಶ್ನೆಯಾಗಿ ಉಳಿದಿಲ್ಲ. ಹೇಗೆ ಇಳಿಯಬೇಕು, ಇಳಿದ ಮೇಲೆ ಹೇಗೆ ಬೆಳೆಯಬೇಕು ಎಂಬುದೇ ಮುಖ್ಯ.

ನಮ್ಮ ಪ್ರದೇಶವೇ ಕಲಿಸಿದ ಪಾಠ

ಇದಕ್ಕೆ ಉತ್ತರ ಹುಡುಕುವಾಗ ಇದೇ ಪ್ರದೇಶದ ಹಳೆಯ ಅನುಭವವೊಂದನ್ನು ನೆನೆಯಬೇಕು. 1948ರಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಗೆ ಬಿಡಿಭಾಗಗಳನ್ನು ಒದಗಿಸಲು ಪೂರಕ ಘಟಕಗಳು ಹುಟ್ಟಿಕೊಂಡವು. ಮಹದೇವಪುರದ ಐ.ಟಿ.ಐ. ಆನ್ಸಿಲರಿ ಕೈಗಾರಿಕಾ ವಸಾಹತು ತನ್ನ ಹೆಸರಿನಲ್ಲಿಯೇ ಆ ಚರಿತ್ರೆಯನ್ನು ಉಳಿಸಿಕೊಂಡಿದೆ. 1990ರ ದಶಕದಲ್ಲಿ ದೂರಸಂಪರ್ಕ ಸಲಕರಣೆಗಳ ಕ್ಷೇತ್ರ ಖಾಸಗಿ ಹಾಗೂ ವಿದೇಶಿ ಕಂಪನಿಗಳಿಗೆ ತೆರೆದುಕೊಂಡಿತು. ಮಾತೃಸಂಸ್ಥೆಯ ಬೇಡಿಕೆ ಕುಗ್ಗಿದಾಗ, ಒಬ್ಬನೇ ಖರೀದಿದಾರನನ್ನು ನೆಚ್ಚಿಕೊಂಡವರಿಗೆ ಬೇರೆ ಬಾಗಿಲು ಇರಲಿಲ್ಲ. ಅನ್ಯ ಗ್ರಾಹಕರನ್ನು ಮೊದಲೇ ಸಂಪಾದಿಸಿಕೊಂಡಿದ್ದವರಿಗೆ ಮಾತ್ರ ದಾರಿ ತೆರೆದಿತ್ತು.

ಇಂದು ತನ್ನ ಸರಕನ್ನೆಲ್ಲ ಒಂದೇ ಅಂತರಜಾಲ ಮಾರುಕಟ್ಟೆಯ ಮೂಲಕ ಮಾರುವ ತಯಾರಕನ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಕಮಿಷನ್ ದರ, ಜಾಹೀರಾತು ಶುಲ್ಕ, ಹುಡುಕಿದಾಗ ಸರಕು ಎಷ್ಟನೆಯ ಸಾಲಿನಲ್ಲಿ ಕಾಣಬೇಕೆಂಬ ತೀರ್ಮಾನ, ಯಾವುದೂ ಆತನ ಕೈಯಲ್ಲಿಲ್ಲ. ಗ್ರಾಹಕನೂ ಆತನವನಲ್ಲ.

ರಿಯಾಯಿತಿಯ ಓಟ ಯಾರಿಗೆ?

ಅಂತರಜಾಲ ಚಿಲ್ಲರೆ ವ್ಯಾಪಾರಕ್ಕೆ ಬೆಂಗಳೂರೇ ತವರು ಎನ್ನಬಹುದು. 1999ರಲ್ಲಿ ಇಲ್ಲಿ ಫ್ಯಾಬ್‌ಮಾರ್ಟ್ ಆರಂಭವಾದಾಗ ದೇಶದಲ್ಲಿ ಅಂತರಜಾಲ ಬಳಸುವವರೇ ವಿರಳ. ಅದರ ಸಂಸ್ಥಾಪಕರು ತೆರೆದ ಫ್ಯಾಬ್‌ಮಾಲ್ ದಿನಸಿ ಮಳಿಗೆಗಳು ಮುಂದೆ ಆದಿತ್ಯ ಬಿರ್ಲಾ ಸಮೂಹದ ಪಾಲಾದವು. ಇಂಡಿಯಾಪ್ಲಾಜಾ ಎಂಬ ಹೆಸರಿನಲ್ಲಿ ಮುಂದುವರಿದ ಅಂತರಜಾಲ ವಿಭಾಗ ಬಂಡವಾಳದ ಕೊರತೆಯಿಂದ 2013ರಲ್ಲಿ ಮುಚ್ಚಿತು. ಮಳಿಗೆಗಳ ಮೂಲಕ ದಿನಸಿಯ ಖರೀದಿ, ದಾಸ್ತಾನು, ಸಾಗಣೆಗಳನ್ನು ಕಲಿತಿದ್ದ ಸಂಸ್ಥಾಪಕರು 2011ರಲ್ಲಿ ಬಿಗ್‌ಬಾಸ್ಕೆಟ್ ಕಟ್ಟಿದರು. 2021ರಲ್ಲಿ ಟಾಟಾ ಸಮೂಹ ಅದರ ಬಹುಪಾಲು ಷೇರುಗಳನ್ನು ಪಡೆಯಿತು.

ಇದರ ತಾತ್ಪರ್ಯವಿಷ್ಟೆ: ರಿಯಾಯಿತಿಯ ಪೈಪೋಟಿಗೆ ಪರರ ಬಂಡವಾಳ ಬೇಕು, ಅದು ನಿಂತ ದಿನ ವ್ಯಾಪಾರವೂ ನಿಲ್ಲುತ್ತದೆ. ಸರಕಿನ ತಿಳಿವಳಿಕೆ ಮಾತ್ರ ಮಾಲೀಕನ ಬಳಿಯೇ ಉಳಿಯುತ್ತದೆ. ಸಣ್ಣ ವರ್ತಕರು ಬೆಲೆಯಲ್ಲಿ ದೈತ್ಯರೊಡನೆ ಸೆಣಸದಿರುವುದೇ ಲೇಸು.

ಲೆಕ್ಕ ಹಾಕಿ ನೋಡೋಣ

ಉದಾಹರಣೆಗೆ, ಜಿ.ಎಸ್.ಟಿ. ಹೊರತುಪಡಿಸಿ 500 ರೂಪಾಯಿಗೆ ಮಾರುವ ವಸ್ತುವೊಂದನ್ನು ಭಾವಿಸಿಕೊಳ್ಳೋಣ. ತಯಾರಿಕಾ ವೆಚ್ಚ 240 ರೂ., ಕಮಿಷನ್ 75, ಸಾಗಣೆ 65, ಜಾಹೀರಾತು 40, ಪ್ಯಾಕಿಂಗ್ 15 ರೂ. ಎಂದಾದರೆ ಉಳಿಯುವುದು 65 ರೂ. ನೂರು ಆರ್ಡರ್‌ಗಳಿಗೆ 6,500 ರೂ. ಲಾಭವೆಂದು ಮನಸ್ಸು ಹಿಗ್ಗುತ್ತದೆ.

ಆದರೆ 20 ವಸ್ತುಗಳು ಮರಳಿ ಬಂದವೆನ್ನಿ. ಮಾರಾಟವಾದ 80ರಿಂದ ದೊರೆಯುವುದು 5,200 ರೂ. ಕಮಿಷನ್ ವಾಪಸಾದರೂ, ಮರಳಿದ ಪ್ರತಿಯೊಂದಕ್ಕೂ ಹೋಗುವ–ಬರುವ ಸಾಗಣೆ, ಪ್ಯಾಕಿಂಗ್, ಜಾಹೀರಾತು ಸೇರಿ 185 ರೂಪಾಯಿಯಂತೆ 3,700 ರೂ. ನಷ್ಟ. ಅವುಗಳಲ್ಲಿ ಐದು ಕೆಟ್ಟು ಬಂದರೆ ಮತ್ತೆ 1,200 ರೂ. ಕೊನೆಗೆ 40,000 ರೂಪಾಯಿ ಮಾರಾಟದ ಮೇಲೆ ಉಳಿಯುವುದು 300 ರೂಪಾಯಿ ಮಾತ್ರ! ಆರ್ಡರ್‌ಗಳನ್ನು ಇಮ್ಮಡಿ ಮಾಡಿದರೆ ದುಡಿಮೆಯೂ ದಾಸ್ತಾನೂ ಇಮ್ಮಡಿ, ಲಾಭ 600 ರೂ.

ಅದರ ಬದಲು ಅದೇ ನೂರು ಆರ್ಡರ್‌ಗಳಲ್ಲಿ ಮರಳುವ ಸರಕನ್ನು ಹತ್ತಕ್ಕೆ, ಕೆಟ್ಟದ್ದನ್ನು ಎರಡಕ್ಕೆ ಇಳಿಸಿದರೆ 3,520 ರೂ. ಉಳಿಯುತ್ತದೆ. ಒಂದೂ ಹೊಸ ಆರ್ಡರ್ ಇಲ್ಲದೆ ಲಾಭ ಹನ್ನೊಂದು ಪಟ್ಟು ಮೀರಿತು. ಸಣ್ಣ ಉದ್ಯಮಿಗೆ ಮೊದಲ ಬೆಳವಣಿಗೆ ಇಲ್ಲಿದೆ.

ಅನುಸರಿಸಬೇಕಾದ ಕ್ರಮಗಳು

ಮೊದಲನೆಯದಾಗಿ, ಸರಕಿನ ವಿವರ ಪ್ರಾಮಾಣಿಕವಾಗಿರಲಿ. ಅಳತೆಯನ್ನು ಸೆಂಟಿಮೀಟರ್‌ಗಳಲ್ಲಿ, ತೂಕವನ್ನು ಗ್ರಾಂಗಳಲ್ಲಿ ನೀಡಿ. ಹಗಲು ಬೆಳಕಿನಲ್ಲಿ ತೆಗೆದ ಛಾಯಾಚಿತ್ರಗಳನ್ನು ಹಾಕಿ. ಸರಕು ಕೈಸೇರಿದಾಗ ಹಣ ಕೊಡುವ ಆರ್ಡರ್‌ಗಳನ್ನು ನೀವೇ ಕಳುಹಿಸುವುದಾದರೆ, ಮೊದಲು ದೂರವಾಣಿಯಲ್ಲಿ ದೃಢಪಡಿಸಿಕೊಳ್ಳಿ.

ಎರಡನೆಯದಾಗಿ, ಪ್ರತಿ ವಾರ ಪ್ರತಿ ಸರಕಿಗೂ ಮೇಲಿನ ಲೆಕ್ಕವನ್ನು ಬರೆಯಿರಿ. ಮೂರು ತಿಂಗಳು ಕಾದರೂ ಏನೂ ಉಳಿಸದ ಸರಕನ್ನು ಪಟ್ಟಿಯಿಂದ ಕೈಬಿಡಿ.

ಮೂರನೆಯದಾಗಿ, ಒಂದೇ ತಾಣದಿಂದ ಬರುವ ಮಾರಾಟ ಒಟ್ಟು ಮಾರಾಟದ ಅರ್ಧವನ್ನು ಮೀರದಂತೆ ನೋಡಿಕೊಳ್ಳಿ. ಕೇಂದ್ರ ಸರ್ಕಾರದ ಬೆಂಬಲದಿಂದ ರೂಪುಗೊಂಡ ಓ.ಎನ್.ಡಿ.ಸಿ. ಜಾಲ 2022ರ ಸೆಪ್ಟೆಂಬರ್ 30ರಂದು ಬೆಂಗಳೂರಿನ ಗ್ರಾಹಕರಿಗೆ ತೆರೆದುಕೊಂಡಿತು. ಮಾರಾಟಗಾರನು ಒಂದು ಆ್ಯಪ್‌ನಲ್ಲಿ ನೋಂದಾಯಿಸಿದರೆ, ಬೇರೆ ಬೇರೆ ಆ್ಯಪ್‌ಗಳ ಗ್ರಾಹಕರಿಗೂ ಆತನ ಸರಕು ಕಾಣಬೇಕೆಂಬುದು ಅದರ ತತ್ತ್ವ. ಇದರೊಂದಿಗೆ ಸ್ವಂತ ಜಾಲತಾಣ ಇರಲಿ; ಅಂಗಡಿಗೆ ಬರುವ ಗ್ರಾಹಕರ ಒಪ್ಪಿಗೆ ಪಡೆದು ವಾಟ್ಸ್‌ಆ್ಯಪ್ ಪಟ್ಟಿಯನ್ನೂ ಬೆಳೆಸಿಕೊಳ್ಳಿ.

ನಾಲ್ಕನೆಯದಾಗಿ, ಸಾಮೀಪ್ಯವನ್ನು ಬಂಡವಾಳವಾಗಿಸಿಕೊಳ್ಳಿ. ನಾಲ್ಕೈದು ಕಿಲೋಮೀಟರ್ ವ್ಯಾಪ್ತಿಯ ವಸತಿ ಸಮುಚ್ಚಯಗಳಿಗೆ ಅದೇ ದಿನ ತಲುಪಿಸುವುದು, ಜೋಡಿಸಿ ಕೊಡುವುದು, ದುರಸ್ತಿ ಮಾಡುವುದು, ಅಳತೆಗೆ ತಕ್ಕಂತೆ ತಯಾರಿಸುವುದು ದೂರದ ಗೋದಾಮಿಗೆ ಸುಲಭವಲ್ಲ.

ತೆರಿಗೆಯ ಎಚ್ಚರ

ಅಂತರಜಾಲ ಮಾರುಕಟ್ಟೆಗಳು ಜಿ.ಎಸ್.ಟಿ. ಅಡಿಯಲ್ಲಿ ಕಡಿತ ಮಾಡುವ ಟಿ.ಸಿ.ಎಸ್. 2024ರ ಜುಲೈನಲ್ಲಿ ಶೇ. 1ರಿಂದ 0.5ಕ್ಕೆ, ಆದಾಯ ತೆರಿಗೆಯ ಟಿ.ಡಿ.ಎಸ್. ಅದೇ ವರ್ಷದ ಅಕ್ಟೋಬರ್‌ನಲ್ಲಿ ಶೇ. 1ರಿಂದ 0.1ಕ್ಕೆ ಇಳಿದವು. ಇವು ವೆಚ್ಚವಲ್ಲ, ನಿಮ್ಮ ಖಾತೆಗೆ ಜಮೆಯಾಗಬೇಕಾದ ಹಣ. ತಿಂಗಳು ತಿಂಗಳು ತಾಳೆ ನೋಡಿ. 2025ರ ಜುಲೈನಲ್ಲಿ ಯು.ಪಿ.ಐ. ಪಾವತಿಗಳ ಆಧಾರದ ಮೇಲೆ ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆ ಸಣ್ಣ ವರ್ತಕರಿಗೆ ನೋಟಿಸು ನೀಡಿದಾಗ ಉಂಟಾದ ಆತಂಕ ನಮಗೆಲ್ಲ ನೆನಪಿದೆ. ವ್ಯಾಪಾರದ ಹಣಕ್ಕೂ ಮನೆಯ ಹಣಕ್ಕೂ ಪ್ರತ್ಯೇಕ ಖಾತೆ ಇರಿಸಿ, ಬಿಲ್ಲುಗಳನ್ನು ಕ್ರಮವಾಗಿ ಕಾಪಾಡಿದವರಿಗೆ ಉತ್ತರಿಸುವುದು ಸುಲಭ.

ಅಂತರಜಾಲ ಮಾರುಕಟ್ಟೆಯೆಂಬುದು ಜನನಿಬಿಡ ಪೇಟೆಬೀದಿ. ಅಲ್ಲಿ ಅವಶ್ಯವಾಗಿ ಅಂಗಡಿ ಹೂಡೋಣ. ಆದರೆ ಬೀದಿಯ ಬಾಡಿಗೆ ಏರಿದ ದಿನ, ನಮ್ಮ ಹೆಸರನ್ನು ಬಲ್ಲ ಗ್ರಾಹಕರು ನಮ್ಮ ಸ್ವಂತ ಬಾಗಿಲಿಗೂ ಬರುವಂತಿರಬೇಕು. ಐ.ಟಿ.ಐ. ನೆರಳಿನಲ್ಲಿ ಬೆಳೆದ ಈ ಪ್ರದೇಶದ ಉದ್ಯಮಿಗಳಿಗೆ ಅದನ್ನು ಎರಡನೆಯ ಬಾರಿ ಹೇಳಬೇಕಾಗಿಲ್ಲ.