ಕ್ಯಾಂಪಸ್ಸಿನ ರಸ್ತೆ ಯಾರಿಗಾಗಿ?

ಪೂರ್ವ ಬೆಂಗಳೂರಿನ ಕಗ್ಗದಾಸಪುರ ಹಳ್ಳಿಯಾಗಿದ್ದು ಬಡಾವಣೆಯಾದ ಊರು. ಕಿರಿದಾದ ಮುಖ್ಯರಸ್ತೆಯಲ್ಲಿ ಆಟೋ, ಸ್ಕೂಟರುಗಳ ಸಂದಿಯಲ್ಲೇ ವಿದ್ಯಾರ್ಥಿಗಳು ನಡೆಯಬೇಕು. ಅಲ್ಲಿ ಜಾಗವಿಲ್ಲ ಎನ್ನಬಹುದು. ಜಾಗವಿರುವ ಕಡೆಯ ಕಥೆ ಏನು?

ನಗರದ ಪಶ್ಚಿಮಕ್ಕಿರುವ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಆವರಣ ಸಾವಿರ ಎಕರೆಗೂ ಮಿಗಿಲು. 2022ರ ಅಕ್ಟೋಬರ್‌ನಲ್ಲಿ ಅಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಬಸ್ಸಿನಡಿ ಸಿಲುಕಿದಳು; ಕೆಲವು ದಿನಗಳ ನಂತರ ಆಸ್ಪತ್ರೆಯಲ್ಲಿ ತೀರಿಕೊಂಡಳು. ಹೊರಗಿನ ವಾಹನಗಳು ಆವರಣದ ಮೂಲಕ ಹಾದುಹೋಗುವುದನ್ನು ನಿಲ್ಲಿಸಬೇಕೆಂದು ವಿದ್ಯಾರ್ಥಿಗಳು ಪ್ರತಿಭಟಿಸಿದರು.

ಅವರ ಬೇಡಿಕೆ ಸಮಸ್ಯೆಯ ಬೇರಿಗೇ ಕೈಹಾಕಿತು. ಮೈಸೂರು ರಸ್ತೆಗೂ ನಾಗರಬಾವಿಗೂ ನಡುವೆ ಕ್ಯಾಂಪಸ್ಸು ಒಳದಾರಿಯಾದರೆ, ಅಲ್ಲಿ ಏನೂ ಕೆಲಸವಿಲ್ಲದವರೂ ನುಗ್ಗುತ್ತಾರೆ. ಯಾವ ಕಟ್ಟಡಕ್ಕೂ ವಾಹನ ಬರಬಹುದು, ಆದರೆ ಈ ಗೇಟಿನಿಂದ ಆ ಗೇಟಿಗೆ ದಾಟಲಾಗದು: ವಿನ್ಯಾಸದ ಮೊದಲ ಸೂತ್ರ ಇದು.

ಇನ್ನು ವೇಗ. ಗಂಟೆಗೆ 30 ಕಿಲೋಮೀಟರ್ ಎಂದರೆ ಸೆಕೆಂಡಿಗೆ 8 ಮೀಟರಿಗೂ ಹೆಚ್ಚು. ವೇಗ 60ಕ್ಕೇರಿದರೆ ವಾಹನದ ಚಲನಶಕ್ತಿ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಅಗಲವಾದ ನೇರ ರಸ್ತೆ ಮಾಡಿ 'ನಿಧಾನವಾಗಿ ಚಲಿಸಿ' ಎಂದು ಫಲಕ ನೆಟ್ಟರೆ ಓದುವವರಾರು? ರಸ್ತೆಯನ್ನೇ ಕಿರಿದುಗೊಳಿಸಬೇಕು. ದಾಟುವ ಜಾಗವನ್ನು ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿದರೆ ಏರಿಳಿಯುವುದು ವಾಹನ. ನಡೆಯುವವರು, ಗಾಲಿಕುರ್ಚಿಯವರು ಸಮತಟ್ಟಾಗಿಯೇ ದಾಟುತ್ತಾರೆ. ಬರೀ ಹಂಪ್ಸ್ ಹಾಕಿದರೆ ಈ ಎರಡನೆಯ ಲಾಭ ದೊರೆಯದು.

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯಂತೆ ಫುಟ್‌ಪಾತಿನಲ್ಲಿ ಕನಿಷ್ಠ 1.8 ಮೀಟರ್ ಅಗಲ ತೆರವಾಗಿರಬೇಕು. ಅಂಚುಕಲ್ಲು 15 ಸೆಂಟಿಮೀಟರ್ ಮೀರಬಾರದು. 'ತೆರವು' ಎಂಬ ಮಾತನ್ನು ಗಮನಿಸಿ. ಕಂಬ, ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಬೈಕು ಇವೆಲ್ಲ ಆ ಅಳತೆಯ ಹೊರಗೆ. ಇಳಿಜಾರಿನ ಲೆಕ್ಕ 1ಕ್ಕೆ 12: 15 ಸೆಂಟಿಮೀಟರ್ ಏರಲು 180 ಸೆಂಟಿಮೀಟರ್ ಉದ್ದ ಬೇಕು. ಒಂದು ಬಾಣಲೆ ಸಿಮೆಂಟು ಸುರಿದು ಮಾಡಿದ ಕಡಿದಾದ ಇಳಿಜಾರನ್ನು ಗಾಲಿಕುರ್ಚಿಯವರು ತಾವಾಗಿ ಏರಲಾರರು.

ಮೆಟ್ರೋ ನಿಲ್ದಾಣಗಳಲ್ಲಿ ಹಳದಿ ಉಬ್ಬುಹಾಸುಗಳನ್ನು ನೋಡಿರುತ್ತೀರಿ. ಗೆರೆ ಇದ್ದರೆ ಮುಂದೆ ನಡೆಯಿರಿ, ಚುಕ್ಕೆ ಇದ್ದರೆ ಎಚ್ಚರ. ಜಪಾನಿನ ಸೆಯಿಚಿ ಮಿಯಾಕೆ ರೂಪಿಸಿದ ಇವನ್ನು 1967ರಲ್ಲಿ ಒಕಾಯಾಮಾ ನಗರದ ಅಂಧರ ಶಾಲೆಯೊಂದರ ಬಳಿ ಮೊದಲು ಹಾಸಿದರು. ಹಾಸುವಾಗ ಗೆರೆಯನ್ನು ನೇರವಾಗಿ ವಿದ್ಯುತ್ ಕಂಬಕ್ಕೆ ಒಯ್ದು ನಿಲ್ಲಿಸಿದರೆ ಇಲ್ಲದಿರುವುದೇ ಮೇಲು!

ಇದು ಅಧಿಕಾರಿಗಳ ಔದಾರ್ಯದ ಮಾತಲ್ಲ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳ ಕಟ್ಟಡವಷ್ಟೇ ಅಲ್ಲ, ಆವರಣವೂ ವಿಕಲಚೇತನರಿಗೆ ಸುಗಮವಾಗಿರಬೇಕೆಂದು 2016ರ ಹಕ್ಕುಗಳ ಕಾಯ್ದೆಯ 16ನೇ ಕಲಂ ಹೇಳುತ್ತದೆ.